ದುಡಿದವರ ಬಿಡುವು: ತಡಸ ಸೀಮೆಯ ಹಬ್ಬಗಳ ಬೆಳಕಿನಲ್ಲಿ ಮೇ ದಿನ

ಪೀಠಿಕೆ

ಮೇ 1ರ ಕಾರ್ಮಿಕ ದಿನದ ಚರಿತ್ರೆ ಸಾಮಾನ್ಯವಾಗಿ ಚಿಕಾಗೋದಿಂದ ಆರಂಭವಾಗಿ ಮದ್ರಾಸಿನ ಕಡಲತೀರಕ್ಕೆ ಬರುತ್ತದೆ. ಅಲ್ಲಿಂದ ಬೆಂಗಳೂರಿನ ಗಿರಣಿಗಳಿಗೋ ಕೋಲಾರದ ಚಿನ್ನದ ಗಣಿಗಳಿಗೋ ಹೋಗಿ ನಿಲ್ಲುತ್ತದೆ. ಹೊಲದಲ್ಲಿ ದುಡಿಯುವವರಿಗೆ ಅದರಲ್ಲಿ ಜಾಗ ಕಡಿಮೆ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ತಡಸದಂಥ ಊರಿನಿಂದ ನೋಡಿದರೆ ಇದೇ ಚರಿತ್ರೆ ಬೇರೆ ರೀತಿಯಲ್ಲಿ ಕಾಣುತ್ತದೆ. ಮಳೆಯನ್ನೇ ನಂಬಿ ಗೋವಿನಜೋಳ, ಹತ್ತಿ ಬೆಳೆಯುವ ಈ ಸೀಮೆಯಲ್ಲಿ ದುಡಿಮೆಗೆ ಬಿಡುವು ಕೊಡುವ ಪದ್ಧತಿ ಮೇ ದಿನಕ್ಕಿಂತ ಹಳೆಯದು. ಆ ಬಿಡುವು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ದುಡಿದವರನ್ನು ಗೌರವಿಸುವ ದಿನದ ನಿಜವಾದ ಅಳತೆ ಮೆರವಣಿಗೆಯಲ್ಲೂ ಶುಭಾಶಯದಲ್ಲೂ ಇಲ್ಲ, ಆ ದಿನದ ಅನ್ನಕ್ಕೆ ಕುತ್ತು ಬಾರದ ಬಿಡುವಿನಲ್ಲಿದೆ ಎಂಬುದು ಇಲ್ಲಿನ ವಾದ.

ಎತ್ತಿಗೆ ಬಿಡುವೂ ಮೇವೂ

ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ಈ ಬಿಡುವು ಹಬ್ಬವೇ ಆಗುತ್ತದೆ. ಎತ್ತಿನ ಮೈ ತೊಳೆದು, ಕೋಡು ಹೆರೆದು ಬಣ್ಣ ಬಳಿಯುತ್ತಾರೆ. ಕೋಡಿಗೆ ಕೋಡಣಸು, ಕೊರಳಿಗೆ ಗೆಜ್ಜೆಸರ, ಮೈಮೇಲೆ ಜೂಲು. ಎಣ್ಣೆ, ಮೊಟ್ಟೆ, ಅರಿಸಿನ ಕಲಸಿ ಬಿದಿರಿನ ಗೊಟ್ಟದಲ್ಲಿ ತುಂಬಿ ಬಾಯಿಗೆ ಹಾಕುತ್ತಾರೆ. ಕೋಡುಬಳೆ ಮಾಡಿ ಕೋಡಿಗೆ ಸಿಕ್ಕಿಸುತ್ತಾರೆ. ಸಂಜೆ ಎತ್ತುಗಳನ್ನು ಓಡಿಸಿ, ಅಡ್ಡ ಕಟ್ಟಿದ ತೋರಣವನ್ನು ಹರಿಸಿ ಕರಿ ಹರಿಯುತ್ತಾರೆ. ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಮಹಾನವಮಿಯಲ್ಲಿ ರಂಟೆ, ಕುಂಟೆ, ಕುಡುಗೋಲುಗಳಿಗೆ ಪೂಜೆ ಸಲ್ಲುತ್ತದೆ.

ಈ ಆಚರಣೆಗಳಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಹೂಡದ ದಿನವೆಂದು ಎತ್ತಿಗೆ ಮೇವು ತಪ್ಪುವುದಿಲ್ಲ, ಹಬ್ಬದ ದಿನ ಅದು ಇನ್ನಷ್ಟು ಹೆಚ್ಚುತ್ತದೆ. ಬಿಡುವು ಮತ್ತು ಹೊಟ್ಟೆಪಾಡು ಒಂದಕ್ಕೊಂದು ಎದುರಾಗಬಾರದು ಎಂಬ ತಿಳಿವು ಇಲ್ಲಿನ ಒಕ್ಕಲುತನಕ್ಕೆ ಮೊದಲೇ ಇತ್ತು. ಆದರೆ ಅದು ಎತ್ತಿಗೆ ಅನ್ವಯಿಸಿತು, ಸಲಕರಣೆಗೂ ಪೂಜೆಯ ರೂಪದಲ್ಲಿ ಸಂದಿತು. ಕಳೆ ತೆಗೆಯುವ ಹೆಣ್ಣುಮಗಳ ಹೆಸರಿನಲ್ಲಿ ಹಬ್ಬವೊಂದು ಹುಟ್ಟಲಿಲ್ಲ.

ಎಂಟು ತಾಸು ಮತ್ತು ಭಾನುವಾರ

ಮೇ ದಿನದ ಮೂಲ ಬೇಡಿಕೆ ಸಮಯಕ್ಕೆ ಸಂಬಂಧಿಸಿದ್ದು. 1886ರ ಮೇ 1ರಂದು ಅಮೆರಿಕದ ಕಾರ್ಮಿಕರು ದಿನಕ್ಕೆ ಎಂಟು ತಾಸಿನ ದುಡಿಮೆ ಕೇಳಿ ಮುಷ್ಕರ ಹೂಡಿದರು. ಮೇ 4ರಂದು ಚಿಕಾಗೋದ ಹೇಮಾರ್ಕೆಟ್‌ನಲ್ಲಿ ಬಾಂಬ್ ಸಿಡಿಯಿತು. ಎಸೆದವರು ಯಾರೆಂದು ಸಾಬೀತಾಗದಿದ್ದರೂ 1887ರ ನವೆಂಬರ್ 11ರಂದು ನಾಲ್ವರು ಕಾರ್ಮಿಕ ಹೋರಾಟಗಾರರನ್ನು ಗಲ್ಲಿಗೇರಿಸಲಾಯಿತು. 1889ರ ಪ್ಯಾರಿಸ್ ಸಮಾಜವಾದಿ ಸಮ್ಮೇಳನದ ನಿರ್ಣಯದಂತೆ 1890ರ ಮೇ 1ರಂದು ಹಲವು ದೇಶಗಳ ಕಾರ್ಮಿಕರು ಒಂದೇ ದಿನ ಬೀದಿಗಿಳಿದರು. ಅಮೆರಿಕ ಸರ್ಕಾರ ಮಾತ್ರ 1894ರಲ್ಲಿ ಸೆಪ್ಟೆಂಬರ್‌ನ ಮೊದಲ ಸೋಮವಾರವನ್ನು ಕಾರ್ಮಿಕ ರಜೆಯೆಂದು ಗೊತ್ತುಮಾಡಿತು. ಹೋರಾಟ ಹುಟ್ಟಿದ ನೆಲದಲ್ಲೇ ಆ ತಾರೀಖಿಗೆ ಮನ್ನಣೆ ಸಿಗಲಿಲ್ಲ.

ಅದೇ 1890ರ ಬೇಸಗೆಯಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ವಾರದ ರಜೆಗಾಗಿ ಹೋರಾಡುತ್ತಿದ್ದರು. ಜ್ಯೋತಿಬಾ ಫುಲೆಯವರ ಅನುಯಾಯಿ, ‘ದೀನಬಂಧು’ ಪತ್ರಿಕೆಯ ಸಂಪಾದಕ ನಾರಾಯಣ ಮೇಘಾಜಿ ಲೋಖಂಡೆ ಈ ಕಾರ್ಮಿಕರ ಮುಂದಾಳು. ಏಪ್ರಿಲ್ 24ರ ದೊಡ್ಡ ಸಭೆಯಲ್ಲಿ ಇಬ್ಬರು ಹೆಣ್ಣುಮಕ್ಕಳೂ ಮಾತನಾಡಿದರು. ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಭಾನುವಾರ ಖಂಡೋಬನ ವಾರ ಎಂಬುದು ಲೋಖಂಡೆಯವರ ವಾದಗಳಲ್ಲಿ ಒಂದಾಗಿತ್ತು. ಆ ಖಂಡೋಬನೇ ನಮ್ಮ ಮೈಲಾರಲಿಂಗ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ನಡೆದುಕೊಳ್ಳುವ ಈ ಸೀಮೆಯ ಜನರಿಗೆ ಆ ವಾದ ಬಿಡಿಸಿ ಹೇಳಬೇಕಾದದ್ದಲ್ಲ. ದೇವರ ವಾರವನ್ನು ಕಾರ್ಮಿಕರ ಹಕ್ಕಾಗಿ ಪರಿವರ್ತಿಸಬಹುದು ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ತಡಸ ಆಗ ಸೇರಿದ್ದ ಧಾರವಾಡ ಜಿಲ್ಲೆ 1956ರ ವರೆಗೆ ಮುಂಬಯಿ ಆಡಳಿತದಲ್ಲಿತ್ತು. ಆದರೂ ಆ ಭಾನುವಾರ ಹೊಲಕ್ಕೆ ಬರಲಿಲ್ಲ. 1891ರ ಕಾರ್ಖಾನೆ ಕಾಯ್ದೆ ವಾರದ ರಜೆಗೆ ಕಾನೂನಿನ ಬಲ ಕೊಟ್ಟಿತು, ಕಾರ್ಖಾನೆಯ ಗೇಟಿನೊಳಗೆ ಮಾತ್ರ.

ಹಕ್ಕೊತ್ತಾಯದಿಂದ ರಜೆಯವರೆಗೆ

ಭಾರತದಲ್ಲಿ ಮೊದಲ ಮೇ ದಿನವನ್ನು 1923ರಲ್ಲಿ ಮದ್ರಾಸಿನಲ್ಲಿ ಕಾರ್ಮಿಕ ಮುಖಂಡ ಎಂ. ಸಿಂಗಾರವೇಲರ್ ನಡೆಸಿದರು. ಆ ದಿನಕ್ಕೆ ರಜೆ ಕೊಡಬೇಕೆಂಬ ಬೇಡಿಕೆಯೂ ಅಲ್ಲೇ ಮೊಳಗಿತು. ಅವರು ಕಟ್ಟಿದ ಪಕ್ಷದ ಹೆಸರಿನಲ್ಲಿ ಕಾರ್ಮಿಕನ ಜೊತೆಗೆ ಕಿಸಾನನೂ ಇದ್ದ. ಮುಂದೆ ಬಂದ ಕಾನೂನುಗಳಲ್ಲಿ ಈ ಜೋಡಿ ಒಡೆಯಿತು. ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಡಾ. ಅಂಬೇಡ್ಕರ್ ಅವರ ಅವಧಿಯ ಪ್ರಯತ್ನಗಳಿಂದ ವಾರಕ್ಕೆ 48 ತಾಸಿನ ಮಿತಿ 1946ರಲ್ಲಿ ಬಂತು. 1948ರ ಕಾರ್ಖಾನೆ ಕಾಯ್ದೆ ಅದನ್ನು ಗಟ್ಟಿಗೊಳಿಸಿತು.

ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯ ಪಟ್ಟಿಯಲ್ಲಿ ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1ರ ಜೊತೆಗೆ ಮೇ 1 ಇದೆ. ಆ ದಿನ ಪಗಾರ ಕಡಿಯುವಂತಿಲ್ಲ. ಕೆಲಸ ಮಾಡಿಸಿಕೊಂಡರೆ ಎರಡು ಪಟ್ಟು ಪಗಾರ ಕೊಡಬೇಕು, ಇಲ್ಲವೇ ಪಗಾರದ ಜೊತೆಗೆ ಬದಲಿ ರಜೆ ಕೊಡಬೇಕು. ಕಾರ್ಖಾನೆ, ಅಂಗಡಿ, ಪ್ಲಾಂಟೇಶನ್‌ಗಳಿಗೆ ಈ ಕಾಯ್ದೆ ಅನ್ವಯಿಸುತ್ತದೆ, ತಡಸದ ಗೋವಿನಜೋಳದ ಹೊಲಕ್ಕೆ ಅನ್ವಯಿಸುವುದಿಲ್ಲ.

ರಜೆ ಭದ್ರವಾದಂತೆ ಮೂಲ ಬೇಡಿಕೆ ಹಿಂದೆ ಸರಿಯಿತು. ಭಾರತೀಯ ಮಜ್ದೂರ್ ಸಂಘ ಮೇ 1ರ ಬದಲು ಸೆಪ್ಟೆಂಬರ್ 17ರ ವಿಶ್ವಕರ್ಮ ಜಯಂತಿಯನ್ನು ಕಾರ್ಮಿಕ ದಿನವಾಗಿ ಆಚರಿಸುತ್ತದೆ. ದಿನ ಯಾವುದಾಗಬೇಕು ಎಂಬ ಚರ್ಚೆ ನಡೆದಷ್ಟು ಜೋರಾಗಿ ದುಡಿಮೆಯ ತಾಸುಗಳ ಚರ್ಚೆ ನಡೆದಿಲ್ಲ. 2023ರಲ್ಲಿ ಕರ್ನಾಟಕವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ತಾಸಿನ ಮಿತಿಯೊಳಗೆ ದಿನಕ್ಕೆ 12 ತಾಸು ದುಡಿಸಿಕೊಳ್ಳಲು ಅವಕಾಶ ಮಾಡಿಕೊಟ್ಟಿತು. ಎಂಟು ತಾಸಿಗಾಗಿ ಹುಟ್ಟಿದ ದಿನವನ್ನು ಆಚರಿಸುತ್ತಲೇ ಎಂಟು ತಾಸನ್ನು ಬಿಟ್ಟುಕೊಡುವುದು ಆ ದಿನಕ್ಕೆ ಮಾಡುವ ಅನ್ಯಾಯ.

ಆಳಿನಿಂದ ಕೂಲಿಗೆ

ಹೊಲದ ದುಡಿಮೆಯ ಸ್ವರೂಪವೂ ಈ ಅವಧಿಯಲ್ಲಿ ಬದಲಾಯಿತು. ಹಿಂದೆ ವರ್ಷದ ಲೆಕ್ಕದಲ್ಲಿ ಆಳು ಇರುತ್ತಿದ್ದ. ಸಾಲ ತೀರಿಸಲು ಜೀತಕ್ಕಿದ್ದವನೂ ಅವನೇ. ಹಬ್ಬದ ದಿನ ಅವನಿಗೆ ಒಡೆಯನ ಮನೆಯ ಹೋಳಿಗೆ ಸಿಗುತ್ತಿತ್ತು, ಆದರೆ ಬಿಟ್ಟುಹೋಗುವ ಸ್ವಾತಂತ್ರ್ಯ ಇರಲಿಲ್ಲ. 1976ರ ಜೀತ ವಿಮುಕ್ತಿ ಕಾಯ್ದೆ ಆ ಕಟ್ಟನ್ನು ಹರಿಯಿತು. ಈಗ ದಿನಗೂಲಿಯ ಕಾಲ. ಟಂಟಂ ಹತ್ತಿ ಬೇರೆ ಊರಿನ ಹೊಲಕ್ಕೆ ಹೋಗುವ ಹೆಂಗಸರು ಹೋದ ದಿನ ಕೂಲಿ ಪಡೆಯುತ್ತಾರೆ, ಹೋಗದ ದಿನ ಇಲ್ಲ. ಆಳಿಗೆ ಅನ್ನವಿತ್ತು, ಬಿಡುಗಡೆ ಇರಲಿಲ್ಲ. ಕೂಲಿಯವಳಿಗೆ ಬಿಡುಗಡೆ ಇದೆ, ಅನ್ನ ಸಮೇತದ ಬಿಡುವಿಲ್ಲ.

ಹುಬ್ಬಳ್ಳಿಗೆ ಗೌಂಡಿ ಕೆಲಸಕ್ಕೆ ಹೋಗುವವರ ಸ್ಥಿತಿ ಕೊಂಚ ಬೇರೆ. 1996ರ ಕಾನೂನು ತಂದ ವ್ಯವಸ್ಥೆಯಂತೆ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಕಟ್ಟಡಗಳ ಮೇಲಿನ ಸೆಸ್‌ನಿಂದ ಆ ಮಂಡಳಿಗೆ ಹಣ ಬರುತ್ತದೆ. ಹೊಲದ ಕೂಲಿಗೆ ಅಂಥ ಸೆಸ್‌ನ ಬೆಂಬಲವಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಎಂಬ ತತ್ವವನ್ನು ಹಳ್ಳಿಗೆ ತಂದದ್ದು ದೊಡ್ಡ ಹೆಜ್ಜೆ. ಕೂಲಿ ಸಮೇತದ ಬಿಡುವಿನ ಪ್ರಶ್ನೆಯನ್ನು ಮಾತ್ರ ಅದು ಮುಟ್ಟಲಿಲ್ಲ.

ಹಂಗಾಮಿನ ಸಂಗತಿಯೂ ಇದೆ. ಮಳೆಯಾಧಾರಿತ ಹೊಲದಲ್ಲಿ ಮೇ ತಿಂಗಳ ಆರಂಭ ಕೆಲಸ ಕಡಿಮೆ ಇರುವ ಹೊತ್ತು. ಕೂಲಿಯೇ ಸಿಗದ ಕಾಲದಲ್ಲಿ ಕೊಡುವ ರಜೆ ಗೌರವವಾಗುವುದಿಲ್ಲ. ಬಿತ್ತಿಗೆ, ಕಳೆ, ಒಕ್ಕಣೆಯ ಸಮಯದಲ್ಲಿ ಮೈ ನಿಜವಾಗಿ ದಣಿಯುತ್ತದೆ.

ಸಮಾರೋಪ

ಈ ಪರಿಶೀಲನೆಯಿಂದ ಹೊರಡುವ ತೀರ್ಮಾನ ಸ್ಪಷ್ಟ. ಮೇ ದಿನವು ಕಾರ್ಮಿಕನಿಗೆ ಸಮಯದ ಹಕ್ಕನ್ನು ಕೊಟ್ಟಿತು, ಆದರೆ ಹೊಲದ ಬದುವಿನಲ್ಲೇ ನಿಂತಿತು. ಕಾರಹುಣ್ಣಿಮೆ ಹೊಲದ ದುಡಿಮೆಯನ್ನು ಗೌರವಿಸಿತು, ಆದರೆ ಎತ್ತಿನ ಆಚೆಗೆ ಬರಲಿಲ್ಲ. ಈಗ ಎರಡನ್ನೂ ಕೂಡಿಸಬೇಕಾಗಿದೆ. ಲೋಖಂಡೆ ದೇವರ ವಾರವನ್ನು ಗಿರಣಿಯವರ ಹಕ್ಕಾಗಿ ಮಾಡಬಹುದಾದರೆ, ಎತ್ತಿನ ಹಬ್ಬವನ್ನು ಕೂಲಿಯವರ ಹಕ್ಕಾಗಿ ಮಾಡುವುದು ಅಸಾಧ್ಯವಲ್ಲ. ರಾಜ್ಯ ಸರ್ಕಾರ 1963ರ ಕಾಯ್ದೆಯ ಆಶಯವನ್ನು ಕೃಷಿ ಕೂಲಿಕಾರರಿಗೂ ವಿಸ್ತರಿಸಲಿ. ಬಿತ್ತಿಗೆಯ ಹೊತ್ತಿಗೆ ಬರುವ ಕಾರಹುಣ್ಣಿಮೆಯಂದು ಅವರಿಗೆ ಕೂಲಿ ಸಮೇತ ಸೂಟಿ ಸಿಗಲಿ. ಅದರ ಹಣದ ಹೊರೆ ಸಣ್ಣ ಹಿಡುವಳಿದಾರನ ಮೇಲೆ ಬೀಳದಂತೆ ಕಲ್ಯಾಣ ನಿಧಿಯೊಂದನ್ನು ರಚಿಸಲಿ. ಗ್ರಾಮಸಭೆಗಳು ಈ ಬೇಡಿಕೆಯನ್ನು ನಿರ್ಣಯವಾಗಿ ಬರೆದು ಕಳಿಸುವ ಕೆಲಸವನ್ನು ಈ ವರ್ಷವೇ ಆರಂಭಿಸಬೇಕು.