ಹೊಲಿಗೆ ಮಷಿನ್ ಬಂದ ದಾರಿ

ಸಂಘಕ್ಕೆ ಸಾಲ ಕೇಳಲು ಬರುವ ಹೆಣ್ಣುಮಕ್ಕಳು ಈಚೆಗೆ "ಅಣ್ಣಾ, ಹೊಲಿಗೆ ಮಷಿನ್ ಯಾವುದು ತಗೊಳ್ಳಲಿ?" ಅಂತ ಕೇಳುತ್ತಾರೆ. ಉತ್ತರ ಬೇಕಾದರೆ ಮಷಿನ್ ನಡೆದು ಬಂದ ದಾರಿ ನೋಡಬೇಕು.

ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಮಷಿನ್‌ನಲ್ಲಿ ಸೂಜಿಯ ಕಣ್ಣು ತುದಿಯಲ್ಲಿತ್ತು. ಮೇಲಿನ ದಾರಕ್ಕೆ ಕೆಳಗಿನ ದಾರ ಸಿಕ್ಕಿಕೊಂಡು ಹೊಲಿಗೆ ಬೀಳುವುದು ಇವತ್ತಿಗೂ ಹಾಗೆಯೇ. 1851ರಲ್ಲಿ ಐಸಾಕ್ ಸಿಂಗರ್ ತನ್ನ ಮಷಿನ್‌ಗೆ ಪೇಟೆಂಟ್ ಪಡೆದ. ಆದರೆ ಬೆಲೆ ಬಡವರ ಕೈಗೆ ಎಟುಕುತ್ತಿರಲಿಲ್ಲ. ಅವನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ಮೇಲೆ ಮಾರಲು ಶುರುಮಾಡಿದ ಮೇಲೆಯೇ ಮಷಿನ್ ಮನೆಮನೆ ಹೊಕ್ಕಿತು. ಅಂದರೆ ಮಷಿನ್ ಜೊತೆಗೆ ಸಾಲವೂ ಬಂತು!

ಯಂತ್ರಗಳನ್ನು ಟೀಕಿಸುತ್ತಿದ್ದ ಗಾಂಧೀಜಿಯವರೇ 1924ರಲ್ಲಿ ಸಿಂಗರ್ ಮಷಿನ್ ಒಂದಕ್ಕೆ ವಿನಾಯಿತಿ ಕೊಟ್ಟರು. 1935ರಲ್ಲಿ ಕಲ್ಕತ್ತೆಯಲ್ಲಿ ಜಯ್ ಇಂಜಿನಿಯರಿಂಗ್ ವರ್ಕ್ಸ್ ಹುಟ್ಟಿ, ಉಷಾ ಮಷಿನ್ ಬಂತು. ಲೂಧಿಯಾನದಲ್ಲಿ ಬಿಡಿಭಾಗಗಳ ಕಾರ್ಖಾನೆಗಳೂ ಬೆಳೆದವು. ಹಾಗಾಗಿ ಸಾದಾ ಮಷಿನ್ ರಿಪೇರಿ ನಮಗೆ ಸಲೀಸು.

ಈಗ ನಮ್ಮ ಮಾತು. ಮನೆಯವರ ರವಿಕೆ, ಲಂಗ, ಹರಿದ ಬಟ್ಟೆ ಹೊಲಿಯಲು ತುಳಿಯುವ ಕಪ್ಪು ಮಷಿನ್ ಸಾಕು. ಕರೆಂಟ್ ಹೋದರೂ ಕೆಲಸ ನಿಲ್ಲದು. ಆಮೇಲೆ ಬೇಕಿದ್ದರೆ ಮೋಟಾರ್ ಹಾಕಿಸಬಹುದು. ಸೀರೆಗೆ ಪಿಕೋ ಮಾಡಿ ದುಡಿಯುವ ಯೋಚನೆಯಿದ್ದರೆ ಮಾತ್ರ ಜಿಗ್‌ಜಾಗ್ ಮಷಿನ್ ನೋಡಿ. ಗಾರ್ಮೆಂಟ್ಸ್‌ನಲ್ಲಿರುವ ದೊಡ್ಡ ಮಷಿನ್ ನಿಮಿಷಕ್ಕೆ 4-5 ಸಾವಿರ ಹೊಲಿಗೆ ಹಾಕುತ್ತದೆ. ದಿನಕ್ಕೆ ಎರಡು ರವಿಕೆ ಹೊಲಿಯುವವರಿಗೆ ಅದು ಯಾಕೆ? ಎರಡೆಕರೆ ಹೊಲಕ್ಕೆ ಟ್ರ್ಯಾಕ್ಟರ್ ಕೊಂಡಂತೆ. ಮಷಿನ್ ಸುಮ್ಮನೆ ಕೂತರೂ ಕಂತು ಸುಮ್ಮನೆ ಕೂರುವುದಿಲ್ಲ.

ಸಂಡೂರಿನ ಲಂಬಾಣಿ ಕಸೂತಿಯನ್ನೂ ನೆನೆಯಬೇಕು. 2010ರಲ್ಲಿ ಜಿ.ಐ. ಗುರುತು ಪಡೆದ ಆ ಕಲೆಯ ಬೆಲೆ ಇರುವುದೇ ಕೈಸೂಜಿಯಲ್ಲಿ. ಚೀಲ, ದಿಂಬಿನ ಕವರ್ ಆಗಿ ಜೋಡಿಸಲು ನೇರ ಹೊಲಿಗೆಯ ಮಷಿನ್ ಸಾಕು. ಕಸೂತಿ ಹಾಕುವ ದುಬಾರಿ ಕಂಪ್ಯೂಟರ್ ಮಷಿನ್ ಕೊಂಡರೆ ಆ ಬೆಲೆಯನ್ನೇ ಕಳೆದುಕೊಂಡಂತೆ ಎಂದು ನನ್ನ ಅಭಿಪ್ರಾಯ.

ಅಂಗಡಿಗೆ ಹೋಗುವಾಗ ನೀವು ಹೊಲಿಯುವ ಬಟ್ಟೆಯ ತುಂಡನ್ನೇ ಒಯ್ಯಿರಿ, ದಪ್ಪಂದು ಒಂದು, ತೆಳುವಾದ್ದು ಒಂದು. ನೀವೇ ಕೂತು ತುಳಿದು ನೋಡಿ. ಬಾಬಿನ್, ಶಟಲ್ ಹೊಸಪೇಟೆಯಲ್ಲೇ ಸಿಗುತ್ತವೆಯೇ ಕೇಳಿ. 2023ರಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳೂ ಇದ್ದಾರೆ. ಉಪಕರಣಕ್ಕೆ 15,000 ರೂ.ವರೆಗೆ ನೆರವಿದೆ. ಅದನ್ನು ಮೊದಲು ವಿಚಾರಿಸಿ, ಸಂಘದ ಸಾಲದ ಅರ್ಜಿ ಆಮೇಲೆ ಬರೆಯಿರಿ.