ಒಂದಕ್ಕೆ ಎರಡು ಮರಿ

ಲಸಿಕೆ ಎಂದರೆ ಕೊಪ್ಪಳ ಸೀಮೆಯ ಕುರಿಗಾರರಿಗೆ ಕರುಳುಬೇನೆ, ನೀಲಿನಾಲಿಗೆ, ಪಿಪಿಆರ್ ನೆನಪಾಗುತ್ತವೆ. ರೋಗ ತಡೆಯಲು ಹಾಕಿಸುವ ಸೂಜಿ ಅದು. ಕುರಿ ಹೆಚ್ಚು ಮರಿ ಹಾಕಲೆಂದೇ ತಯಾರಾದ ಲಸಿಕೆಯೂ ಒಂದಿದೆ. ಅದರ ಚರಿತ್ರೆ ಓದುತ್ತಾ ನನಗೆ ನಮ್ಮ ಕಡೆಯ ಕುರಿಹಿಂಡುಗಳೇ ಬೇರೆಯಾಗಿ ಕಾಣತೊಡಗಿದವು.

1977ರಲ್ಲಿ ಸ್ಕಾರಮುಜ್ಜಿ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಆಂಡ್ರೋಸ್ಟೆನ್‌ಡಿಯೋನ್ ಕುರಿಯ ಅಂಡಾಶಯದಲ್ಲೇ ಹುಟ್ಟುವ ಹಾರ್ಮೋನು. ದೇಹ ಅದನ್ನು ತನ್ನದೆಂದು ಬಲ್ಲದು, ಅದರ ಮೇಲೆ ಯುದ್ಧ ಸಾರುವುದಿಲ್ಲ. ಆದರೆ ಅದನ್ನು ಪರಕೀಯ ಪ್ರೋಟೀನಿಗೆ ಅಂಟಿಸಿ ಚುಚ್ಚಿದರೆ ಪ್ರತಿಕಾಯಗಳು ಹುಟ್ಟುತ್ತವೆ. ಹಾರ್ಮೋನಿನ ಒಂದು ಪಾಲು ಕಟ್ಟಿಹಾಕಿದಂತಾಗಿ, ಬೆದೆಗೆ ಬಂದಾಗ ಒಂದರ ಬದಲು ಎರಡು ಅಂಡ ಬಿಡುಗಡೆಯಾಗುವ ಸಾಧ್ಯತೆ ಹೆಚ್ಚುತ್ತದೆ. 1983ರಲ್ಲಿ ಇದು ಆಸ್ಟ್ರೇಲಿಯಾದಲ್ಲಿ 'ಫೆಕಂಡಿನ್' ಹೆಸರಿನಿಂದ ಮಾರಾಟಕ್ಕೆ ಬಂತು. 100 ತಾಯಿಕುರಿಗಳಿಗೆ ಸುಮಾರು 20 ಮರಿ ಹೆಚ್ಚು ಸಿಗುತ್ತಿದ್ದವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಇದೇ ಅಸ್ತ್ರವನ್ನು ತದ್ವಿರುದ್ಧ ಗುರಿಗೆ ಹೂಡಿದರು. ಎಫ್‌ಎಸ್‌ಎಚ್ ಹಾರ್ಮೋನಿನ ವಿರುದ್ಧ ಗಂಡು ಕೋತಿಗಳಿಗೆ ಲಸಿಕೆ ಕೊಟ್ಟು, ಗಂಡಸರ ಗರ್ಭನಿರೋಧಕದ ದಾರಿ ಹುಡುಕಿದರು. ದೇಶದ ಚಿಂತೆ ಆಗ ಜನಸಂಖ್ಯೆಯದಾಗಿತ್ತು.

ಅವಳಿ ಮರಿಗೆ ಭಾರತದಲ್ಲಿ ತುಳಿದ ದಾರಿ ತಳಿಯದು. ಸುಂದರಬನದ ಗರೋಲ್ ಕುರಿಯಲ್ಲಿ ಹೆಚ್ಚು ಅಂಡ ಬಿಡುಗಡೆ ಮಾಡಿಸುವ ಒಂದು ಜೀನ್ ಇದೆ. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ಅದನ್ನು ದಖ್ಖನಿ ಕುರಿಗೆ ತಂದು 'ನಾರಿ ಸುವರ್ಣ' ತಳಿ ರೂಪಿಸಿತು. ಆಸ್ಟ್ರೇಲಿಯಾದ ಬೂರೂಲಾ ಮೆರಿನೋಗಳಲ್ಲೂ ಇರುವುದು ಇದೇ ಜೀನ್. 1792-93ರಲ್ಲಿ ಬಂಗಾಳದಿಂದ ಹಡಗೇರಿ ಹೋದ ಕುರಿಗಳ ಬಳುವಳಿ ಅದು ಎನ್ನುತ್ತಾರೆ ವಿಜ್ಞಾನಿಗಳು.

ಲಸಿಕೆಯಾಗಲಿ ಜೀನಾಗಲಿ, ಹೆಚ್ಚಿಸುವುದು ಅಂಡವನ್ನು. ಹಾಲನ್ನು ಹೆಚ್ಚಿಸುವುದು ಮೇವು. ಅವಳಿಗಳು ಹುಟ್ಟುವಾಗಲೇ ಕಡಿಮೆ ತೂಗುತ್ತವೆ, ತಾಯಿಯ ಕೆಚ್ಚಲನ್ನು ಹಂಚಿಕೊಳ್ಳಬೇಕಾಗುತ್ತದೆ. ಬೇಲಿಯೊಳಗೆ ಹುಲ್ಲು ಬೆಳೆಸುವ ರೈತ ಇದನ್ನು ನಿಭಾಯಿಸಬಲ್ಲ. ಕೊಪ್ಪಳ ಜಿಲ್ಲೆಯ ಲೆಕ್ಕ ಬೇರೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಈ ಜಿಲ್ಲೆಯ ನಾಲ್ಕು ಹಳೆಯ ತಾಲ್ಲೂಕುಗಳಲ್ಲಿ ಗಂಗಾವತಿಗೆ ತುಂಗಭದ್ರೆಯ ಕಾಲುವೆಯಿದೆ, ಭತ್ತದ ಗದ್ದೆಗಳಿವೆ. ಕುಷ್ಟಗಿ, ಯಲಬುರ್ಗಾ ಹೆಚ್ಚಾಗಿ ಮಳೆ ನಂಬಿದ ಸೀಮೆ. ಅಲ್ಲಿ ಮೇವು ಮುಗಿದರೆ ಹಿಂಡು ನಡೆಯಬೇಕು. ಮೈಲಿಗಟ್ಟಲೆ ನಡೆಯುವ ತಾಯಿಯ ಹಿಂದೆ ಎರಡು ಎಳೆಮರಿಗಳು ಬಂದರೆ, ಒಂದನ್ನು ಹೊರುವವರು ಯಾರು?

ಕೆಂಗುರಿ, ದಖ್ಖನಿ ಕುರಿಗಳು ಸಾಮಾನ್ಯವಾಗಿ ಒಂದೇ ಮರಿ ಹಾಕುವುದನ್ನು ಕೊರತೆಯೆಂದು ಬರೆಯುವುದು ರೂಢಿ. ನನಗದು ಮಳೆಯೊಡನೆ ಮಾಡಿಕೊಂಡ ಹಳೆಯ ಒಪ್ಪಂದದಂತೆ ಕಾಣುತ್ತದೆ. ಅದನ್ನು ಬದಲಿಸುವ ಮುನ್ನ ಮೇವಿನ ಮಾತು ಮುಗಿಯಬೇಕು. ಎಷ್ಟು ಮರಿ ಹುಟ್ಟಿದವು ಎನ್ನುವುದಕ್ಕಿಂತ ಎಷ್ಟು ಮರಿ ಹಾಲು ಬಿಡುವವರೆಗೆ ಬದುಕಿದವು ಎನ್ನುವುದೇ ಕುರಿಗಾರನ ಲೆಕ್ಕ.