ನಡಿಗೆ ಮರಳಿಸುವ ವೈದ್ಯಶಾಖೆ

ಸೊರಬ ತಾಲ್ಲೂಕಿನ ಹೊಸಬಾಳೆಯ ಜನರಿಗೆ ನೆರೆಯ ತಾಲ್ಲೂಕು ಸಾಗರ. ಅಲ್ಲಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ, ಸೊಂಟದ ಕೀಲು ಸವೆದು ನಡಿಗೆಯೇ ಕಷ್ಟವಾಗುವ ಕಾಯಿಲೆಯೊಂದು ಗಮನಕ್ಕೆ ಬಂತು. ಅದು ಆನುವಂಶಿಕವೆಂದು ಸಂಶೋಧನೆಗಳು ತೋರಿಸಿದರೂ, ಅದನ್ನು ಗುಣಪಡಿಸುವ ಔಷಧಿ ಇಲ್ಲ. ಹಾಗಾದರೆ ಇಂಥ ರೋಗಿಗಳು ಯಾವ ವೈದ್ಯರ ಬಳಿ ಹೋಗಬೇಕು?

ಭೌತಚಿಕಿತ್ಸೆ ಮತ್ತು ಪುನರ್ವಸತಿ ವೈದ್ಯರ ಬಳಿಗೆ. ಶಾಖ, ನೀರು, ವಿದ್ಯುತ್, ವ್ಯಾಯಾಮಗಳಿಂದ ಚಿಕಿತ್ಸೆ ನೀಡುವ ವೈದ್ಯರಿಗೆ 1938ರಲ್ಲಿ ಅಮೆರಿಕದ ಫ್ರಾಂಕ್ ಕ್ರುಸೆನ್ 'ಫಿಸಿಯಾಟ್ರಿಸ್ಟ್' ಎಂಬ ಹೆಸರು ಸೂಚಿಸಿದರು. ಮಹಾಯುದ್ಧದ ಗಾಯಾಳುಗಳ ಆರೈಕೆಯಿಂದ ಬಲಗೊಂಡ ಈ ಶಾಖೆಗೆ 1947ರಲ್ಲಿ ಅಲ್ಲಿ ಪ್ರತ್ಯೇಕ ಮಾನ್ಯತೆ ದೊರೆಯಿತು. ನಮ್ಮ ದೇಶದಲ್ಲಿ, 1954ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡ ಡಾ. ಮೇರಿ ವರ್ಗೀಸ್ ನ್ಯೂಯಾರ್ಕಿನಲ್ಲಿ ತರಬೇತಿ ಪಡೆದು ಬಂದರು. ಅವರ ಶ್ರಮದಿಂದ 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಸಂಸ್ಥೆ ಆರಂಭವಾಯಿತು.

ಇಲ್ಲಿ ಸನ್ನೆಯ ತತ್ತ್ವವೂ ಔಷಧಿಯೇ. ಒಂಟಿಕಾಲಿನಲ್ಲಿ ನಿಂತಾಗ ಸೊಂಟದ ಕೀಲಿನ ಮೇಲಿನ ಬಲ ದೇಹತೂಕದ ಸುಮಾರು ಎರಡೂವರೆ ಪಟ್ಟು. ನೋವಿಲ್ಲದ ಬದಿಯ ಕೈಯಲ್ಲಿ ಊರುಗೋಲು ಹಿಡಿದರೆ, ಕೀಲಿನಿಂದ ಅದು ದೂರವಿರುವುದರಿಂದ, ಸ್ವಲ್ಪವೇ ಊರಿದರೂ ಹೊರೆ ಗಣನೀಯವಾಗಿ ಇಳಿಯುತ್ತದೆ.

ಫಿಸಿಯೋಥೆರಪಿಸ್ಟ್ ಬೇರೆ, ಫಿಸಿಯಾಟ್ರಿಸ್ಟ್ ಬೇರೆ. ಎರಡನೆಯವರು ಎಂಬಿಬಿಎಸ್ ನಂತರ ಈ ವಿಷಯದಲ್ಲೇ ಸ್ನಾತಕೋತ್ತರ ಪದವಿ ಪಡೆದ ವೈದ್ಯರು. ಇವರು ಬಹುಪಾಲು ದೊಡ್ಡ ನಗರಗಳಲ್ಲೇ ಇರುವುದರಿಂದ, ತಾಲ್ಲೂಕು ಆಸ್ಪತ್ರೆಯಲ್ಲಿ ವಿಭಾಗದ ಹೆಸರು ಹೇಳಿ ಶಿಫಾರಸು ಪತ್ರ ಕೇಳುವುದು ಒಳಿತು.